ಮೈಕಿಲ್ಲದ ಸಾಕ್ಷಿ

ನಮ್ಮವರು ಸಾಕ್ಷಿ ಹೇಳಲು ಎದ್ದು ನಿಂತರೆ ಸಭೆಯಲ್ಲಿ ಎಲ್ಲರೂ ಅವರ ಮುಖ ನೋಡುತ್ತಾರೆ. ನಾನು ಅವರ ಬಲಗೈ ನೋಡುತ್ತೇನೆ. ಮುಖವನ್ನು ನಂಬಿ ಕೆಟ್ಟವಳು ನಾನು. ಕುಡಿಯುತ್ತಿದ್ದ ಕಾಲದಲ್ಲೂ ಆ ಮುಖ ನಗುತ್ತಲೇ ಇರುತ್ತಿತ್ತು. ಏಟು ಬರುವ ಮೊದಲು ಸುದ್ದಿ ಕೊಡುತ್ತಿದ್ದದ್ದು ಕೈ. ಹೆಬ್ಬೆರಳು ಒಳಗೆ ಮಡಚಿಕೊಂಡು ಉಳಿದ ಬೆರಳುಗಳು ಅದರ ಮೇಲೆ ಮುಚ್ಚಿಕೊಂಡವು ಅಂದರೆ ನಾನು ಒಲೆಯ ಮುಂದಿನಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲಬೇಕು. ಗಾರೆ ಮೇಸ್ತ್ರಿಯ ಕೈ ಅದು, ಇಟ್ಟಿಗೆ ಹಿಡಿದು ಹಿಡಿದು ಇಟ್ಟಿಗೆಯಷ್ಟೇ ಗಟ್ಟಿಯಾದದ್ದು. ಅವರು ಮಲಗಿ ಗೊರಕೆ ಶುರುವಾಗುವ ತನಕ ನಾನು ಕಣ್ಣು ಮುಚ್ಚುತ್ತಿರಲಿಲ್ಲ. ಅವರು ಕುಡಿತ ಬಿಟ್ಟ ಮೇಲೂ ನನ್ನ ಆ ಅಭ್ಯಾಸ ಹೋಗಲಿಲ್ಲ.

ಸಾಕ್ಷಿ ಅಂದರೆ ಕೋರ್ಟಿನ ಸಾಕ್ಷಿಯಲ್ಲ. ಹಿಂದೂಪುರದ ನಮ್ಮ ಸಭೆಯಲ್ಲಿ ಭಾನುವಾರ ಹಾಡು ಮುಗಿದ ಮೇಲೆ, ದೇವರಿಂದ ಏನಾದರೂ ಉಪಕಾರ ಕಂಡವರು ಎದ್ದು ನಿಂತು ಅದನ್ನು ಹೇಳುತ್ತಾರೆ. ಒಬ್ಬಳಿಗೆ ಮಗುವಿನ ಜ್ವರ ಬಿಟ್ಟಿರುತ್ತದೆ, ಇನ್ನೊಬ್ಬಳಿಗೆ ಮಗಳ ಸಂಬಂಧ ಕುದುರಿರುತ್ತದೆ. ಅಂಥವಕ್ಕೆ ಜನ ಒಂದು ಸಣ್ಣ ಆಮೆನ್ ಹೇಳಿ ಕೂರುತ್ತಾರೆ. ನಮ್ಮವರು ಎದ್ದರೆ ಮಾತ್ರ ತಗಡಿನ ಚಾವಣಿಯ ಕೆಳಗೆ ಮಕ್ಕಳೂ ಸುಮ್ಮನಾಗುತ್ತವೆ. ಸಭೆಯ ಭಾಷೆ ತೆಲುಗು, ಅವರ ಸಾಕ್ಷಿಯೂ ತೆಲುಗಿನಲ್ಲೇ. 'ನೇನು ಪಾಪಿನಿ' ಎಂದು ಶುರುಮಾಡಿ, ಚರಂಡಿಯಲ್ಲಿ ಬಿದ್ದು ಹಂದಿಯನ್ನು ದಿಂಬು ಅಂದುಕೊಂಡದ್ದನ್ನು ಹೇಳಿ ನಗಿಸುತ್ತಾರೆ. ಆಮೇಲೆ ದನಿ ಇಳಿಸಿ, 'ನಾ ಭಾರ್ಯನಿ ಹಿಂಸಿಂಚಾನು', ಹೆಂಡತಿಗೆ ಹಿಂಸೆ ಕೊಟ್ಟೆ, ಅನ್ನುತ್ತಾರೆ. ಆಗ ಹೆಂಗಸರ ಕಡೆಯ ತಲೆಗಳೆಲ್ಲ ಒಟ್ಟಿಗೆ ನನ್ನತ್ತ ತಿರುಗುತ್ತವೆ. ನಾನು ಚಾಪೆಯ ಎಳೆ ಕೀಳುತ್ತಾ ಕೂರುತ್ತೇನೆ.

ಹೊರಗೆ ಬಂದ ಮೇಲೆ ಹೆಂಗಸರು ನನ್ನ ಕೈ ಹಿಡಿದುಕೊಂಡು, 'ಎಂತ ಓಪಿಕ ಅಕ್ಕಾ ನೀಕು' ಅನ್ನುತ್ತಾರೆ. ತಾಳ್ಮೆಯಂತೆ! ನನಗೆ! ನಾನು ಹುಣಸೆಹಣ್ಣು ಬಡಿಯುವ ಅಂಗಳದಲ್ಲಿ ಕೆಲಸ ಮಾಡುವವಳು. ಅಲ್ಲಿ ನನ್ನ ಬಾಯಿಗೆ ಹೆದರಿ ತೂಕ ಹಾಕುವವನೂ ಎರಡು ಸಲ ತಕ್ಕಡಿ ನೋಡುತ್ತಾನೆ. ಪ್ರಾರ್ಥನೆ ತೆಲುಗಿನಲ್ಲಿ, ಬೈಗುಳ ಕನ್ನಡದಲ್ಲಿ, ಇದು ನನ್ನ ಪದ್ಧತಿ. ಹಾಗಾಗಿ ಸಭೆಯವರಿಗೆ ನನ್ನ ಅರ್ಧ ಮಾತ್ರ ಗೊತ್ತು.

ಸುಳ್ಳು ಹೇಳಬಾರದು, ಅವರು ಬದಲಾದದ್ದು ನಿಜ. ಕಾಮಾಲೆ ಬಂದು ಕಣ್ಣು ಅರಿಶಿನವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಜೊತೆಯ ಗಾರೆಯವನೊಬ್ಬ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ. ಎದ್ದು ಮನೆಗೆ ಬಂದವರು ಮತ್ತೆ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ, ನನ್ನ ಮೇಲೆ ಕೈ ಎತ್ತಲಿಲ್ಲ. ಪರಿಗಿ ಕಡೆಯ ಒಂದು ತೋಟದ ನೀರಿನ ತೊಟ್ಟಿಯಲ್ಲಿ ಇಬ್ಬರೂ ಒಂದೇ ದಿನ ದೀಕ್ಷಾಸ್ನಾನ ತಗೊಂಡೆವು. ಸಭೆಯ ಬೋಧಕರಾದ ಅಯ್ಯನವರು ನನ್ನನ್ನು ನೀರಿಗೆ ಬಗ್ಗಿಸುವಾಗಲೂ ನನ್ನ ಕಣ್ಣು ದಂಡೆಯ ಮೇಲೆ ನಿಂತಿದ್ದ ಇವರ ಕೈಯ ಮೇಲೇ ಇತ್ತು. ಆ ಕೈ ಬಿಡಿಸಿಕೊಂಡೇ ಇತ್ತು.

ಅಯ್ಯನವರು ಶರೀರ, ಆತ್ಮ ಎಂದು ಎರಡನ್ನು ಹೇಳುತ್ತಾ ಇರುತ್ತಾರೆ. ಮನುಷ್ಯನೊಳಗೆ ಇವೆರಡೂ ಜಗಳವಾಡುತ್ತವೆ, ಒಂದು ಎಳೆದ ಕಡೆ ಇನ್ನೊಂದು ಬರುವುದಿಲ್ಲ, ಸ್ನಾನ ತಗೊಂಡ ದಿನ ಜಗಳ ಮುಗಿಯುವುದಿಲ್ಲ, ಶುರುವಾಗುತ್ತದೆ ಅನ್ನುತ್ತಾರೆ. ಇದು ನನಗೆ ಅಂಗಳದಲ್ಲಿ ಕೂತು ಅರ್ಥವಾಯಿತು. ಹುಣಸೆಯ ಓಡು ಒಂದೇ ಏಟಿಗೆ ಉದುರುತ್ತದೆ. ಬೀಜ ಹಾಗಲ್ಲ, ಒಂದೊಂದನ್ನೂ ಬಡಿದು ಬಿಡಿಸಬೇಕು. ನಮ್ಮವರ ಓಡು ಉದುರಿತು, ಊರೆಲ್ಲ ನೋಡಿತು. ಒಳಗೆ ಬೀಜ ಇದೆಯೋ ಇಲ್ಲವೋ ಎಂದು ಕಾಯುತ್ತಾ ಕೂತವಳು ನಾನೊಬ್ಬಳೇ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವರು ಹೊಡೆಯುತ್ತಿದ್ದಾಗ ನನಗೆ ಭಯವಿತ್ತು, ಕೋಪವಿರಲಿಲ್ಲ. ಕೋಪ ಬಂದದ್ದು ಅವರು ಒಳ್ಳೆಯವರಾದ ಮೇಲೆ. ಏಟು ತಿಂದವಳು ನಾನು, ಅಯ್ಯೋ ಪಾಪ ಅನ್ನಿಸಿಕೊಳ್ಳುವವರು ಅವರು! ಹೇಳಿ ಕೂತರೆ ಅವರಿಗೆ ಮೈ ಹಗುರ. ಹೇಳುತ್ತಾ ಇದ್ದರೆ ಮಾತ್ರ ಕುಡಿತ ತನ್ನಿಂದ ದೂರ ಇರುತ್ತದೆ, ಹೇಳುವುದು ಬಿಟ್ಟರೆ ಬಾಯಿ ಮತ್ತೆ ಒಣಗುತ್ತದೆ ಎನ್ನುತ್ತಿದ್ದರು. ಔಷಧಿ ಅವರಿಗೆ, ಅರೆಯುವ ಕಲ್ಲು ನಾನು. ಇದನ್ನು ಯಾರ ಹತ್ತಿರ ಹೇಳಲಿ?

ನನ್ನ ತವರು ಕಲ್ಯಾಣದುರ್ಗ. ಅಪ್ಪ ಬೇಗ ಹೋದರು, ಅಮ್ಮ ಮೊಸರು ಮಾರಿ ನನ್ನನ್ನು ಬೆಳೆಸಿದಳು, ಕನ್ನಡ ಶಾಲೆಗೆ ಕಳಿಸಿದಳು. ಅವಳಿಗೆ ಅವಳ ಮಾರಮ್ಮ, ಅವಳ ಸೋಮವಾರ. ನಾವು ಸಭೆಗೆ ಸೇರಿದ್ದಕ್ಕೆ ಮೂಗು ಮುರಿದರೂ, 'ಕುಡ್ಯೋ ಗಂಡಸ್ರು ಇರೋ ಊರಲ್ಲಿ ನನ್ನಳಿಯ ಬಂಗಾರ ಕಣಮ್ಮ, ಯಾವ ದೇವ್ರಾದ್ರೇನು' ಎಂದು ಬೀದಿಯವರ ಮುಂದೆ ಹೇಳಿಕೊಂಡು ತಿರುಗುವವಳು. ಹೌದು, ಅವರು ಕುಡಿದು ಬಿಟ್ಟದ್ದು ಅವಳಿಗೆ ಗೊತ್ತು, ಹೊಡೆದದ್ದು ಗೊತ್ತಿರಲಿಲ್ಲ. ಮೈಮೇಲೆ ಗುರುತಿದ್ದಾಗ ನಾನು ತವರಿಗೆ ಹೋಗುತ್ತಿರಲಿಲ್ಲ. ಹೋದಾಗ ಉಳಿದ ಕಲೆ ಅಮ್ಮನಿಗೆ ಕಂಡರೆ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನುತ್ತಿದ್ದೆ. ಅಮ್ಮ ಬಚ್ಚಲಿಗೆ ಬಯ್ಯುತ್ತಿದ್ದಳು. 'ಅಳಿಯಂದ್ರು ಮೇಸ್ತ್ರಿಯಾಗಿದ್ಕೊಂಡು ಒಂದು ಒರಟು ಕಲ್ಲು ಹಾಕ್ಸಕ್ಕಾಗಲ್ವಾ' ಎಂದು ಒಮ್ಮೆ ಅವರನ್ನೇ ಕೇಳಿದಳು. ಅವರು ತಲೆ ತಗ್ಗಿಸಿ ಹಾಕಿಸುತ್ತೇನೆ ಅಂದರು.

ಆ ಕಲ್ಯಾಣದುರ್ಗದಿಂದಲೇ ಕರೆ ಬಂತು. ಅಲ್ಲಿಯ ಸಭೆಯವರು ಉಜ್ಜೀವ ಕೂಟಗಳನ್ನು ಇಟ್ಟುಕೊಂಡಿದ್ದರು, ಚಪ್ಪರ, ಮೈಕು, ಬೇರೆ ಊರಿನ ಬೋಧಕರು. ಕುಡಿತದಿಂದ ಬಿಡುಗಡೆಯಾದ ಮೇಸ್ತ್ರಿಯ ಸಾಕ್ಷಿ ಬೇಕೇ ಬೇಕು ಅಂದರಂತೆ. ಇವರು ಒಪ್ಪಿಕೊಂಡು ಬಂದುಬಿಟ್ಟಿದ್ದರು. ಅದೇ ಸಂಜೆ ಅಮ್ಮನ ಫೋನು.

'ಮೈಕು ನಮ್ಮನೆ ಮುಂದ್ಲ ಕಂಬಕ್ಕೇ ಕಟ್ಟವ್ರೆ ಕಣಮ್ಮ! ನಾನು ಆ ಚಪ್ಪರದೊಳಕ್ಕೆ ಕಾಲಿಕ್ಕಲ್ಲ, ಕೂತಲ್ಲೇ ಅಳಿಯಂದ್ರ ಮಾತು ಕೇಳ್ಕೊಂತೀನಿ. ಬೀದಿನೋರ್ಗೆಲ್ಲ ಹೇಳ್ಬುಟ್ಟಿದೀನಿ, ಜಗಲಿ ಮೇಲೆ ಬಂದು ಕೂತ್ಕಳ್ರಮ್ಮ ಅಂತ.'

ಫೋನು ಇಟ್ಟವಳೇ ಅವರ ಮುಂದೆ ಹೋಗಿ ನಿಂತೆ. ಅವರು ಉಣ್ಣುತ್ತಿದ್ದರು.

'ಕಲ್ಯಾಣದುರ್ಗದಾಗೆ ಹೇಳ್ಬೇಡಿ' ಅಂದೆ. 'ಹಂದಿ ಕತೆ ಹೇಳಿ, ಕಾಮಾಲೆ ಕತೆ ಹೇಳಿ, ನನ್ನ ವಿಷ್ಯ ಮಾತ್ರ ಬೇಡ. ನಮ್ಮಮ್ಮ ಕೇಳ್ತಾಳೆ.'

'ಅದನ್ನ ಬಿಟ್ಟು ಹೇಳಿದ್ರೆ ಅದು ಸಾಕ್ಷಿ ಹೆಂಗಾಯ್ತದೆ ಕಣೆ? ಅರ್ಧ ಮುಚ್ಚಿಟ್ಟಂಗಲ್ವಾ? ದೇವ್ರ ಮುಂದೆ...'

'ದೇವ್ರ ಮುಂದೆ ಹೇಳು, ಬೇಡ ಅಂದೋರ್ಯಾರು! ಕಂಬದ ಮುಂದೆ ಯಾಕೆ ಹೇಳ್ತೀಯ?' ಕೋಪ ಬಂದರೆ ನನ್ನ 'ನೀವು' ಹಾರಿಹೋಗುತ್ತದೆ. 'ಜನ ಹಲ್ಲೆಲೂಯ ಅಂದ್ರೆ ನಿಂಗೆ ಅದೂ ಒಂದು ಕ್ವಾರ್ಟರು ಇದ್ದಂಗೆ. ಮೊದ್ಲು ಅಂಗಡೀಲಿ ಕುಡೀತಿದ್ದೆ, ಈಗ ಮೈಕಲ್ಲಿ ಕುಡೀತೀಯ.'

ಆಡಬಾರದ್ದನ್ನು ಆಡಿದೆ ಎಂದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ನನ್ನ ಕಣ್ಣು ತಾನಾಗಿ ಅವರ ಕೈಗೆ ಹೋಯಿತು. ಮುದ್ದೆಯ ತುತ್ತು ಹಿಡಿದಿದ್ದ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಅವರು ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ನೋಡಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಅವರಿಗೆ ತಿಳಿಯಿತು ಅಂತ ಕಾಣುತ್ತದೆ. ತಟ್ಟೆ ಬಿಟ್ಟು ಎದ್ದು ಕೈ ತೊಳೆದುಕೊಂಡರು.

ಹೊರಟ ದಿನ ಬೆಳಗಿನ ಬಸ್ಸು ಹತ್ತಿದೆವು. ರೊದ್ದಂ ದಾಟುವವರೆಗೆ ಅವರ ತುಟಿ ಅಲ್ಲಾಡುತ್ತಿತ್ತು, ಸಾಕ್ಷಿಯ ತೆಲುಗು ಮಾತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಅದೂ ನಿಂತಿತು. ಕಂಬದೂರಿನಲ್ಲಿ ಬಸ್ಸು ನಿಂತಾಗ ಇಳಿದು ಟೀ ತಂದುಕೊಟ್ಟು, 'ಮನೆ ತಾವ ಅತ್ತೆ ಒಬ್ರೇ ಇರ್ತಾರಾ?' ಎಂದು ಕೇಳಿದರು. ಇನ್ನ್ಯಾರಿರ್ತಾರೆ ಎಂದು ನಾನು ಸಿಡುಕಿದೆ. ಯಾಕೆ ಕೇಳಿದರು ಎಂದು ಯೋಚಿಸಲಿಲ್ಲ. ಸಂಜೆ ಆ ಬೀದಿಯಲ್ಲಿ ಅಮ್ಮ ಹೇಗೆ ತಲೆ ಎತ್ತಿಕೊಂಡು ಕೂತಾಳು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಅಮ್ಮ ಹಜಾರದಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಎದುರಿಗೆ ಮೊರ, ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ, ಗುಡಿಸುವುದಕ್ಕೆ ಪೊರಕೆ. ಬಾಗಿಲಿನಿಂದ ನೋಡಿದರೆ ಕಂಬಕ್ಕೆ ಕಟ್ಟಿದ ಮೈಕಿನ ಬಾಯಿ ನೆಟ್ಟಗೆ ಮನೆಯ ಕಡೆಗೇ ಇತ್ತು. 'ಬನ್ನಿ ಬನ್ನಿ ಅಳಿಯಂದ್ರು' ಎಂದು ಅಮ್ಮ ಚಾಪೆ ಹಾಸಲು ಎದ್ದಳು. ಇವರು ಚಾಪೆ ಬೇಡವೆಂದು ಬರಿಯ ನೆಲದ ಮೇಲೆ, ಸಿಪ್ಪೆಯ ಪಕ್ಕದಲ್ಲಿ ಕೂತರು.

'ಅತ್ತೆ, ಒಂದು ವಿಷ್ಯ ಹೇಳ್ಬೇಕು.'

'ಹೇಳ್ರಪ್ಪ.'

ಅವರು ಒಂದು ಸಿಪ್ಪೆ ಎತ್ತಿ ಬೆರಳಲ್ಲಿ ತಿರುಗಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಇವರು ಏನು ಮಾಡಲು ಹೊರಟಿದ್ದಾರೆ ಎಂದು ಆಗ ಹೊಳೆಯಿತು, ಬೇಡ ಅನ್ನಲು ಬಾಯಿ ತೆರೆದೆ, ತಡವಾಗಿತ್ತು. ಅವರ ಸಾಕ್ಷಿಯ ಮಾತೆಲ್ಲ ತೆಲುಗಿನಲ್ಲಿತ್ತು. 'ಹಿಂಸಿಂಚಾನು' ಎಂದರೆ ಅದು ಪುಸ್ತಕದ ಮಾತು, ಸಭೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಅಮ್ಮನ ಮುಂದೆ ಆ ಮಾತು ನಡೆಯುವುದಿಲ್ಲ. ಮನೆಮಾತಿನಲ್ಲಿ ಅವರ ಹತ್ತಿರ ತಯಾರಾದ ಮಾತು ಒಂದೂ ಇರಲಿಲ್ಲ.

'ಹೊಡ್ದೆ ಕಣತ್ತೆ' ಅಂದರು. 'ನಿಮ್ಮ ಮಗಳ್ನ. ಕುಡ್ಕೊಂಡ್ ಬಂದು ಹೊಡೀತಿದ್ದೆ. ಬಾಳ ವರ್ಷ. ಬಚ್ಚಲಲ್ಲಿ ಜಾರಿದ್ದಲ್ಲ ಅದು. ನಾನು.'

ಹಂದಿಯಿಲ್ಲ, ಚರಂಡಿಯಿಲ್ಲ, ಅಳುವ ದನಿಯಿಲ್ಲ. ಅಷ್ಟೇ ಹೇಳಿದರು. ಅಮ್ಮ ಕೈಯಲ್ಲಿದ್ದ ಕಡಲೆಕಾಯಿಯನ್ನು ಒತ್ತಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ನನ್ನ ಕಡೆ ನೋಡಿದಳು. ನಾನು ಇಲ್ಲ ಅನ್ನಲಿಲ್ಲ. ಅವಳ ಕಣ್ಣು ನನ್ನ ಹಣೆ, ತೋಳು, ಮೊಣಕೈ ಹೀಗೆ ಒಂದೊಂದೇ ಜಾಗವನ್ನು ಹುಡುಕಿಕೊಂಡು ಹೋಯಿತು, ಯಾವ ಗುರುತು ಯಾವ ಸಲದ ಬಚ್ಚಲಿನದು ಎಂದು ನೆನಪು ಮಾಡಿಕೊಳ್ಳುವ ಹಾಗೆ. ನಾನು ಸೆರಗು ಎಳೆದುಕೊಂಡೆ.

ಅಮ್ಮ ಎದ್ದಳು. ಮಂಡಿನೋವಿನ ಮುದುಕಿ, ಏಳಬೇಕಾದರೆ ದಿನವೂ ಅಮ್ಮಾ ಅಪ್ಪಾ ಅನ್ನುವವಳು, ಸದ್ದಿಲ್ಲದೆ ಎದ್ದು ಪೊರಕೆ ತಗೊಂಡು ಅಳಿಯನ ಕೆನ್ನೆಗೆ ಬಾರಿಸಿದಳು. ನಮ್ಮ ಕಡೆ ಪೊರಕೆ ಏಟು ಅಂದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನಾಯಿಗೂ ಕಲ್ಲಲ್ಲಿ ಹೊಡೆಯುತ್ತಾರೆ, ಪೊರಕೆಯಲ್ಲಿ ಹೊಡೆಯುವುದಿಲ್ಲ. ಪೊರಕೆಯ ಕಡ್ಡಿಗಳು ಮುರಿದು ಅವರ ಅಂಗಿಯ ಮೇಲೆ ಉದುರಿದವು. 'ಬಂಗಾರ ಅಂದ್ನಲ್ಲೋ ನಿನ್ನ! ಬೀದಿಯೆಲ್ಲಾ ಬಂಗಾರ ಅಂತ ಹೇಳ್ಕೊಂಡು ತಿರುಗಿದ್ನಲ್ಲೋ!' ಎಂದು ಇನ್ನೊಂದು ಏಟು ಹಾಕಿದಳು.

ಕೈ ಮುಚ್ಚಿಕೊಂಡಿತು. ಹೆಬ್ಬೆರಳು ಒಳಗೆ, ಉಳಿದ ಬೆರಳು ಮೇಲೆ. ನಾನು ನೋಡಿದೆ, ನನಗೆ ಆ ಮುಷ್ಟಿ ಅದರ ಪ್ರತಿಯೊಂದು ಗೆಣ್ಣಿನ ಸಮೇತ ಗೊತ್ತು. ತೋಳಿನ ನರ ಎದ್ದಿತು. ನಾನು ಅಮ್ಮನ ಮುಂದೆ ಹೋಗಿ ನಿಲ್ಲಬೇಕು ಎಂದುಕೊಂಡೆ, ನಿಲ್ಲಲಿಲ್ಲ. ಅವರಿಗೂ ತಮ್ಮ ಕೈ ಕಂಡಿತು. ಆ ಮುಷ್ಟಿಯನ್ನು ಎಡಗೈಯಿಂದ ಹಿಡಿದು, ಬೇರೆ ಯಾರದೋ ಕೈ ಎನ್ನುವ ಹಾಗೆ ಎಳೆದು, ತಮ್ಮ ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತರು. ಕೂತು ಕೆನ್ನೆಯನ್ನು ಹಾಗೇ ಒಡ್ಡಿದರು. ಅಯ್ಯನವರು ಹೇಳುವ ಆ ಜಗಳವನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ.

ಆಗ ನನ್ನ ಬಾಯಿಂದ ಬಂತು: 'ಇನ್ನೊಂದು ಹಾಕಮ್ಮ.'

ಜೋರಾಗಿಯೇ ಹೇಳಿದೆ. ಅಷ್ಟು ವರ್ಷ ನುಂಗಿದ್ದೆಲ್ಲ ಆ ಮಾತಿನಲ್ಲಿ ಹೊರಗೆ ಬಂತು, ಎಷ್ಟು ಸುಖವಾಯಿತು ಅಂದರೆ ಹೇಳಲು ನಾಚಿಕೆಯಾಗುತ್ತದೆ. ಅಮ್ಮ ಎತ್ತಿದ ಪೊರಕೆಯನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. ಅಳಿಯನ ಮೇಲಿದ್ದ ಸಿಟ್ಟು ಅವಳ ಮುಖದಿಂದ ಇಳಿದುಹೋಯಿತು. ನನ್ನನ್ನು ಯಾರೋ ಗುರುತಿಲ್ಲದವಳನ್ನು ನೋಡುವ ಹಾಗೆ ನೋಡಿದಳು.

'ನಾನು ಹೊಡ್ದಿದ್ದು ಹೊಟ್ಟೆ ಉರ್ದು. ನೀನು ಚೆಂದ ನೋಡ್ತಾ ನಿಂತಿದೀಯಲ್ಲೇ' ಅಂದಳು. 'ನೀರಲ್ಲಿ ಮುಳುಗ್ಸಿ ಎತ್ತುದ್ರಲ್ಲ ನಿನ್ನ, ನಿನ್ನ ದೇವ್ರು ಇದ್ನೇ ಏನೇ ಕಲ್ಸಿದ್ದು?'

ಪೊರಕೆ ಮೂಲೆಗೆ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅವಳು ಮೂಗು ಸೀಟುವ ಸದ್ದು ಕೇಳಿಸಿತು, ಆಮೇಲೆ ಪಾತ್ರೆಯ ಸದ್ದು. ನಾನು ನೆಲದ ಮೇಲಿನ ಕಡ್ಡಿಗಳನ್ನು ಆಯುತ್ತಾ ಕೂತೆ. ಇವರು ತೊಡೆಯ ಕೆಳಗಿನ ಕೈಯನ್ನು ತೆಗೆಯಲೇ ಇಲ್ಲ. 'ಬಾಳ ನೋವಾಯ್ತಾ' ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನನಗೆ ಅದನ್ನು ಯಾರೂ ಕೇಳಿರಲಿಲ್ಲ.

ಅಮ್ಮ ಮೂರು ತಟ್ಟೆ ತಂದಿಟ್ಟಳು. ಇಷ್ಟು ವರ್ಷ 'ಉಣ್ಣಿ ಅಳಿಯಂದ್ರು' ಅನ್ನುತ್ತಿದ್ದವಳು, 'ಎದ್ದು ಕೈ ತೊಳ್ಕೊಂಡು ಉಣ್ಣು' ಅಂದಳು. ಅವರು ಎದ್ದು ಕೈ ತೊಳೆದುಕೊಂಡು ಬಂದು ಉಂಡರು. ಕೆನ್ನೆಯ ಮೇಲೆ ಗೀರು ಕೆಂಪಗೆ ಎದ್ದಿತ್ತು. ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಸಾರು ಬಡಿಸಿದಳು.

ಸಂಜೆ ಅವರೊಬ್ಬರೇ ಚಪ್ಪರಕ್ಕೆ ಹೋದರು. ನಾನು ಅಮ್ಮನ ಜೊತೆ ಜಗಲಿಯ ಮೇಲೆ ಕೂತೆ. ಅಮ್ಮ ಕರೆದಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಕೂತರು, ಅಳಿಯನ ಮಾತು ಕೇಳಲು. ಹಾಡಾಯಿತು, ವಾಕ್ಯವಾಯಿತು. ಆಮೇಲೆ ಮೈಕಿನಲ್ಲಿ, ಕುಡಿತದ ಸಂಕೋಲೆಯಿಂದ ಬಿಡುಗಡೆಯಾದ ಹಿಂದೂಪುರದ ಸಹೋದರರು ಈಗ ಎಂದು ತೆಲುಗಿನಲ್ಲಿ ದೊಡ್ಡದಾಗಿ ಕೂಗಿದರು. ನಾನು ಅಮ್ಮನ ಸೆರಗಿನ ತುದಿ ಹಿಡಿದುಕೊಂಡೆ. ಬೆಳಿಗ್ಗೆ ಹೇಳಿದ್ದು ಅಭ್ಯಾಸಕ್ಕೆ, ಈಗ ಹೇಳುವುದು ನಿಜಕ್ಕೆ ಎಂದಾಗಿಬಿಟ್ಟರೆ? ಅಷ್ಟು ದೊಡ್ಡ ಚಪ್ಪರ, ಅಷ್ಟು ಜನ. ನನ್ನ ವಿಷಯ ಬಿಟ್ಟಾರು ಎಂಬ ನಂಬಿಕೆ ನನಗಿರಲಿಲ್ಲ.

ಮೈಕು ಒಮ್ಮೆ ಕೀರ್ ಎಂದು ಸುಮ್ಮನಾಯಿತು. ಅವರ ದನಿ ಬಂತು. 'ತಾಗೇವಾಣ್ಣಿ. ಮಾನೇಸಾನು. ದೇವುನಿಕಿ ಸ್ತೋತ್ರಂ' ಅಂದರು. ಕುಡಿಯುತ್ತಿದ್ದೆ, ಬಿಟ್ಟೆ, ದೇವರಿಗೆ ಸ್ತೋತ್ರ. ಸ್ವಲ್ಪ ತಡೆದು, ತನ್ನಲ್ಲಿ ಇನ್ನೂ ಬಿಡಬೇಕಾದದ್ದು ಇದೆ, ಅದು ಇವತ್ತು ಬೆಳಿಗ್ಗೆ ತನಗೆ ಗೊತ್ತಾಯಿತು, ತನಗಾಗಿ ಪ್ರಾರ್ಥನೆ ಮಾಡಿ ಅಂದರು. ಅಷ್ಟಕ್ಕೇ ಮುಗಿಯಿತು. ಚಪ್ಪರದಿಂದ ಬಂದ ಆಮೆನ್ ತೆಳ್ಳಗಿತ್ತು, ಯಾರಿಗೂ ಸಾಕಾಗಿರಲಿಲ್ಲ.

'ಇಷ್ಟೇನಾ?' ಎಂದಳು ಪಕ್ಕದ ಮನೆಯವಳು.

'ಅಷ್ಟೇ ಕಣಮ್ಮ' ಎಂದಳು ಅಮ್ಮ. 'ನನ್ನಳಿಯನಿಗೆ ಜಾಸ್ತಿ ಮಾತು ಬರಲ್ಲ.'

ಮಾರನೆಯ ಬೆಳಿಗ್ಗೆ ಹಿಂದೂಪುರಕ್ಕೆ ಬಸ್ಸು ಹತ್ತಿದೆವು. ಅಮ್ಮ ನನಗೆ ಕಡಲೆಕಾಯಿಯ ಗಂಟು ಕೊಟ್ಟಳು, ಅವರಿಗೆ ಹುಷಾರಾಗಿ ಹೋಗು ಅಂದಳು. ಬಂಗಾರ ಅನ್ನುವುದನ್ನು ಬಿಟ್ಟಿದ್ದಳು, ಇವತ್ತಿಗೂ ಅಂದಿಲ್ಲ. ನಾನು ಕಿಟಕಿಯ ಪಕ್ಕ ಕೂತೆ. ಅಮ್ಮನ ಪ್ರಶ್ನೆ ಹಿಂದೆ ಬಿಟ್ಟುಬರುವಂಥದ್ದಾಗಿರಲಿಲ್ಲ. ಪೊರಕೆ ಏಟು ಬಿದ್ದಾಗಿನ ಆ ಸುಖ ನನ್ನ ನಾಲಿಗೆಯ ಮೇಲೆ ಹಾಗೇ ಇತ್ತು. ನಾನು ಅವರ ಬೀಜಕ್ಕೆ ಕಾಯುತ್ತಾ ಕೂತಿದ್ದರೆ, ನನ್ನ ಬೀಜ ಯಾರ ಕಣ್ಣಿಗೂ ಬೀಳದೆ ಒಳಗೆ ಬಲಿತಿತ್ತು.

ಕಂಬದೂರು ದಾಟಿದ ಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. ಅಭ್ಯಾಸದ ತೆಲುಗು ಮಾತು ಬರಲಿಲ್ಲ. ಮೊದಲ ಸಲ ಕನ್ನಡದಲ್ಲಿ, ಬಯ್ಯುವ ಬಾಯಲ್ಲೇ ಹೇಳಿದೆ. ದೇವ್ರೇ, ಅವ್ರು ತಮ್ಮ ಕೈಯ ಮೇಲೆ ಕೂತ್ಕೊಂಡ್ರು, ನಾನು ನೋಡ್ದೆ. ಆದ್ರೂ ನಂಗೆ ಇನ್ನೂ ಅವ್ರಿಗೆ ಹೊಡೀಬೇಕು ಅನ್ಸುತ್ತೆ. ನಾನು ಯಾವ್ದರ ಮೇಲೆ ಕೂತ್ಕಳ್ಳಿ? ಏನಾದ್ರೂ ಮಾಡಪ್ಪ.

ಆಮೆನ್ ಅಂದೆನೋ ಇಲ್ಲವೋ ನೆನಪಿಲ್ಲ. ರೊದ್ದಂ ಬಂದದ್ದು ಹೋದದ್ದು ಒಂದೂ ಗೊತ್ತಾಗಲಿಲ್ಲ. ಯಾರೋ ಭುಜ ಅಲ್ಲಾಡಿಸಿದಂತಾಗಿ ಕಣ್ಣು ಬಿಟ್ಟರೆ ಹಿಂದೂಪುರದ ಬಸ್ ಸ್ಟ್ಯಾಂಡು, ಜನ ಇಳಿಯುತ್ತಿದ್ದರು. ನನ್ನ ತಲೆ ಅವರ ಭುಜದ ಮೇಲಿತ್ತು. ಹಳ್ಳ ಬಿದ್ದ ರಸ್ತೆಯಲ್ಲಿ ನಾನು ಮುಂದಕ್ಕೆ ಮುಗ್ಗರಿಸದಂತೆ ಅವರ ಬಲಗೈ ನನ್ನ ಮುಂದೆ ಅಡ್ಡವಾಗಿ ಸೀಟಿನ ಕಂಬಿಯನ್ನು ಹಿಡಿದಿತ್ತು, ಬೆರಳು ಬಿಗಿದು ಬೆಳ್ಳಗಾಗಿತ್ತು. ಅವರು ಎಚ್ಚರವಿದ್ದರು. ನಾನು ನಿದ್ದೆ ಮಾಡಿದ್ದೆ.

'ನಿದ್ದೆ ಬಂದ್ಬುಡ್ತಾ?' ಎಂದರು.

'ಹೂಂ' ಅಂದೆ. 'ಬಂದ್ಬುಡ್ತು.'